ಭಟ್ಟರ ಪಾರಣೆ ಮತ್ತು ನನ್ನ ಆರು ಮೈಲಿ

ಹೋಟೆಲಿಗೆ ಹೋಗಿ ಕೂತೊಡನೆ, ನಾವು ಬಾಯಿ ಬಿಡುವ ಮೊದಲೇ, ಮೇಜಿನ ಮೇಲೆ ಒಂದು ಲೋಟ ನೀರು ಬಂದು ಕೂರುತ್ತದಲ್ಲ, ಅದನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ನೋಡಿಲ್ಲವಾದರೆ ತಪ್ಪೇನಿಲ್ಲ; ಕೇಳದೆ ಸಿಕ್ಕಿದ್ದನ್ನು ಗಮನಿಸುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ನಾನಂತೂ ಆ ಲೋಟವನ್ನು ನೋಡುತ್ತ ಕೂರುತ್ತೇನೆ, ಮುಟ್ಟುವುದಿಲ್ಲ. ಎದುರಿಗೆ ಕೂತವರು ಒಂದು ಗುಟುಕು ಕುಡಿದ ಮೇಲೆಯೇ ನನ್ನ ಕೈ ಅದರತ್ತ ಹೋಗುವುದು. ಉದಾರಿಗಳು ಇದನ್ನು ಸೌಜನ್ಯವೆನ್ನುತ್ತಾರೆ. ಉಳಿದವರು, ನೀರಿನಲ್ಲಿ ಏನಾದರೂ ಬಿದ್ದಿದೆಯೇ ಎಂದು ನಾನು ಪರರ ಮೇಲೆ ಪ್ರಯೋಗ ಮಾಡಿ ನೋಡುತ್ತಿದ್ದೇನೆ ಎನ್ನುತ್ತಾರೆ. ನಿಜವಾದ ಕಾರಣ ಬೇರೆಯೇ ಇದೆ, ಅದು ಒಂದು ಓಟಕ್ಕೆ ಸಂಬಂಧಿಸಿದ್ದು.

ನಾನು ಮತ್ತು ಓಟ! ಈಗಿನ ನನ್ನ ಹೊಟ್ಟೆಯ ಪರಿಧಿಯನ್ನು ಬಲ್ಲವರು ನಗುವುದು ಸಹಜ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ನಾನು ಕಡ್ಡಿಯಂತಿದ್ದೆ. ನುಂಗಂಬಾಕ್ಕಂನ ಒಂದು ಕಚೇರಿಯಲ್ಲಿ ಗುಮಾಸ್ತೆ. ವಾಸ ತಿರುವಲ್ಲಿಕ್ಕೇಣಿಯಲ್ಲಿ ಸೋದರಮಾವನ ಹೋಟೆಲಿನ ಮೇಲಿನ ಕೋಣೆಯಲ್ಲಿ. ಆವರೆಗಿನ ನನ್ನ ಜೀವನಚರಿತ್ರೆಯೆಂದರೆ ಅಪೂರ್ಣ ಕೃತಿಗಳ ಪಟ್ಟಿ: ಕೈಬಿಟ್ಟ ಪಿಟೀಲು, ಮಧ್ಯಮಾ ಪರೀಕ್ಷೆ ದಾಟದ ಹಿಂದಿ, ಅರ್ಧಕ್ಕೆ ನಿಂತ ಟೈಪ್‌ರೈಟಿಂಗ್. "ನಿನ್ನ ಜಾತಕದಲ್ಲಿ ಎರಡನೇ ಅರ್ಧವೇ ಇಲ್ಲ ಮಾರಾಯ" ಎಂದು ಮಾವ ಗಿರಾಕಿಗಳ ಎದುರಿಗೇ ಹೇಳುತ್ತಿದ್ದರು. ಜನವರಿಯಲ್ಲಿ ಇಪ್ಪತ್ತಾರು ಮೈಲಿಗಳ ಮ್ಯಾರಥಾನ್ ನಡೆಯಲಿದೆ ಎಂಬ ಪ್ರಕಟಣೆಯನ್ನು ಕಚೇರಿಯ ಗೋಡೆಯ ಮೇಲೆ ಕಂಡ ದಿನ, ಒಂದನ್ನಾದರೂ ಕೊನೆ ಮುಟ್ಟಿಸಿ ಮಾವನ ಬಾಯಿ ಮುಚ್ಚಿಸಬೇಕೆಂಬ ಹಟದಿಂದ ಹೆಸರು ಕೊಟ್ಟೆ.

ಮೊದಲ ದಿನವೇ ಮರೀನಾ ರಸ್ತೆಯಲ್ಲಿ ಆರು ಮೈಲಿ ಓಡಿದೆ; ಮುಂದಿನ ನಾಲ್ಕು ದಿನ ಮೆಟ್ಟಿಲನ್ನು ಕೂತು ಕೂತು ಇಳಿದೆ. ಆದರೆ ನನ್ನ ಮೂರ್ಖತನದ ಶಿಖರ ಇದಲ್ಲ. ಉಡುಪಿ ಕಡೆಯ ನಮ್ಮ ಮನೆಗಳಲ್ಲಿ ಏಕಾದಶಿಯಂದು ಉಪವಾಸ. ಉಪವಾಸವೂ ಸಂಯಮ, ಓಟವೂ ಸಂಯಮ, ಎರಡನ್ನೂ ಕೂಡಿಸಿದರೆ ಇಮ್ಮಡಿ ಶಕ್ತಿ ಎಂಬ ಲೆಕ್ಕ ನನ್ನ ತಲೆಯಲ್ಲಿ ಹೊಳೆಯಿತು. ಒಂದು ಏಕಾದಶಿಯ ಬೆಳಿಗ್ಗೆ, ಹನಿ ನೀರೂ ಕುಡಿಯದೆ, ಹತ್ತು ಮೈಲಿ ಓಡುವೆನೆಂದು ಹೊರಟವನು ವೇಲಚೇರಿಯ ಕೆರೆ ಏರಿಯ ಮೇಲೆ ಕಣ್ಣು ಕತ್ತಲೆಗಟ್ಟಿ ಬಿದ್ದೆ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸೊಬ್ಬಳು ಓಡಿಬಂದು, "ಎನ್ನ ತಂಬಿ, ಸಾಪ್ಪಿಡಲಿಯಾ?" ಎಂದು, ಊಟ ಮಾಡಿಲ್ಲವೇ ಎಂದು ತಮಿಳಿನಲ್ಲಿ ಕೇಳುತ್ತ, ಹಿಂದಿನ ದಿನದ ಅನ್ನ ನೆನೆದ ನೀರನ್ನು ತನ್ನ ಮಡಕೆಯಿಂದ ನನ್ನ ಬಾಯಿಗೆ ಸುರಿದಳು. ಏಕಾದಶಿಯಂದು ಅನ್ನದ ನೀರು! ಪಾಪವೇನೋ ಹೌದು, ಆದರೆ ಅಷ್ಟು ರುಚಿಯಾದದ್ದನ್ನು ನಾನು ಅಲ್ಲಿಯತನಕ ಕುಡಿದಿರಲಿಲ್ಲ.

ಈ ಪಾಪನಿವೇದನೆಯನ್ನು ಮಾಡಿಕೊಂಡದ್ದು ವಾಸುದೇವ ಭಟ್ಟರ ಎದುರು. ಮಾವನ ಹೋಟೆಲಿನ ಮುಖ್ಯ ಅಡುಗೆಯವರಾದ ಅವರಿಗೆ ಅರವತ್ತು ದಾಟಿತ್ತು. ನಲವತ್ತು ವರ್ಷಗಳಿಂದ ಒಂದು ಏಕಾದಶಿಯನ್ನೂ ತಪ್ಪಿಸದೆ, ದಿನವಿಡೀ ಊರಿಗೆಲ್ಲ ದೋಸೆ ಹೊಯ್ದು, ತಾವು ಸಂಜೆ ಒಂದು ಲೋಟ ಹಾಲು ಮಾತ್ರ ಕುಡಿಯುವವರು. ವ್ರತಭಂಗಕ್ಕೆ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರಿಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ.

"ನಿಂಗೆ ತಲೆ ಸಮ ಉಂಟಾ ಮಾಣಿ? ಖಾಲಿ ಪಾತ್ರೆ ಒಲೆ ಮೇಲೆ ಇಟ್ರೆ ಎಂತ ಆಗ್ತದೆ? ಸುಟ್ಟು ಹೋಗ್ತದೆ, ಅಷ್ಟೆ."

ಅಂದಿನಿಂದ ಅವರೇ ನನ್ನ ಗುರು. ಉಕ್ಕುವ ಹಾಲಿನ ಕಡೆಗಲ್ಲದೆ ಬೇರೆಲ್ಲಿಗೂ ಜನ್ಮದಲ್ಲಿ ಓಡಿದವರಲ್ಲ. ಆದರೂ ಅವರ ಓಟದ ಶಾಸ್ತ್ರದಲ್ಲಿ ಒಂದು ಲೋಪವನ್ನೂ ನಾನು ಕಾಣಲಿಲ್ಲ. ರುಬ್ಬಿದ ಹಿಟ್ಟನ್ನು ಬಿಡುವಂತೆ ಓಡಿದ ಮೈಯನ್ನೂ ಒಂದು ದಿನ ಸುಮ್ಮನೆ ಬಿಡಬೇಕು. ವಾರಕ್ಕೆ ಒಂದೇ ಮೈಲಿ ಹೆಚ್ಚಿಸಬೇಕು. ನೋವು ಬಂದಲ್ಲಿ ನಿಲ್ಲಬೇಕು, ಮರ್ಯಾದೆಯ ಪ್ರಶ್ನೆ ತರಬಾರದು. ಕ್ಯಾನ್ವಾಸ್ ಶೂ ಒಂದು ಅಳತೆ ದೊಡ್ಡದಿರಲಿ, ಹೊತ್ತು ಏರಿದಂತೆ ಕಾಲು ಊದುತ್ತದೆ. ಒಲೆಯ ಮುಂದೆ ನಿಂತೇ ಆಯುಸ್ಸು ಕಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಓಡುವಾಗ ನೀರು ಕುಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ ಎಂದು ಅಂದಿನ ಕ್ರೀಡಾಪಂಡಿತರು ಸಾರುತ್ತಿದ್ದರು. ಭಟ್ಟರು ಅವರನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೈಲಾಪುರ, ಅಡ್ಯಾರ್, ಸೈದಾಪೇಟೆ, ಎಲ್ಲಿ ನೋಡಿದರೂ ನಮ್ಮ ಊರಿನವರದೊಂದು ಹೋಟೆಲು ಇತ್ತಲ್ಲ, ಅಲ್ಲಿಗೆಲ್ಲ ಹೇಳಿ ಕಳಿಸಿದರು. ನಾನು ಓಡುವ ಬೆಳಿಗ್ಗೆ ಪ್ರತಿ ಹೋಟೆಲಿನ ಹೊರಜಗಲಿಯ ಮೇಲೆ ಉಪ್ಪು, ಬೆಲ್ಲ, ನಿಂಬೆ ಹಾಕಿದ ಒಂದು ಲೋಟ ನೀರು ನನಗಾಗಿ ಕಾಯುತ್ತಿತ್ತು. ಆ ಬೆಳಗುಗಳು ಮತ್ತೆ ಬರುವುದಾದರೆ ನಾನು ಈ ಹೊಟ್ಟೆಯನ್ನು ಹೊತ್ತುಕೊಂಡೇ ಓಡಲು ಸಿದ್ಧ.

ಹೀಗೆ ಎಲ್ಲವೂ ಸುಸೂತ್ರವಾಗಿದ್ದಾಗ ಪಂಚಾಂಗ ಅಡ್ಡಬಂತು. ಓಟ ನಿಗದಿಯಾಗಿದ್ದುದು ದ್ವಾದಶಿಯ ಬೆಳಿಗ್ಗೆ. ಅಂದರೆ ಹಿಂದಿನ ದಿನ ಏಕಾದಶಿ. ಹಸಿದ ಹೊಟ್ಟೆಯಲ್ಲಿ ಇಪ್ಪತ್ತಾರು ಮೈಲಿ ಓಡಿದರೆ ನನ್ನ ಗತಿಯೇನೆಂಬುದಕ್ಕೆ ವೇಲಚೇರಿಯ ಕೆರೆಯೇ ಸಾಕ್ಷಿ. ಭಟ್ಟರು ಎರಡು ದಿನ ಪಂಚಾಂಗವನ್ನು ತಿರುವಿ ಹಾಕಿ, ಮೂರನೆಯ ದಿನ ಹೇಳಿದರು: "ನೀನು ಉಣ್ಣು. ನಿನ್ನ ಉಪವಾಸವನ್ನೂ ನಾನೇ ಮಾಡ್ತೇನೆ."

ಒಂದು ದೇಹದಲ್ಲಿ ಎರಡು ಉಪವಾಸ ಹೇಗೆ? ತಮ್ಮ ಹಾಲನ್ನೂ ಬಿಟ್ಟರು, ನನ್ನ ಪಾಲಿಗೆ ನೀರನ್ನೂ ಬಿಟ್ಟರು. ಉಪವಾಸ ಮುರಿಯುವ ಪಾರಣೆಯನ್ನು ಮರುದಿನ ದ್ವಾದಶಿ ಕಳೆಯುವುದರೊಳಗೆ ಮಾಡಲೇಬೇಕು, ಇಲ್ಲವಾದರೆ ವ್ರತ ಕೆಟ್ಟಂತೆ. ಅಂದು ದ್ವಾದಶಿ ಇದ್ದುದು ಹತ್ತು ಗಂಟೆಯವರೆಗೆ. ಐದಕ್ಕೆ ಹೊರಟ ನಾನು ಒಂಬತ್ತೂವರೆಗೆ ಗುರಿ ಮುಟ್ಟಬೇಕು, ನನ್ನ ಓಟ ಮುಗಿದ ಮೇಲೆಯೇ ಭಟ್ಟರು ನೀರು ಮುಟ್ಟುವುದು. ಎಷ್ಟು ಬೇಡವೆಂದರೂ ಅವರು ಕೇಳಲಿಲ್ಲ.

ಬೀಚಿನಿಂದ ಹೊರಟು ಗಿಂಡಿಯನ್ನು ಬಳಸಿ ಮರಳುವ ದಾರಿಯಲ್ಲಿ, ಹದಿನೈದನೆಯ ಮೈಲಿಯ ಹೊತ್ತಿಗೆ ನನ್ನ ತೊಡೆ ಹಿಡಿದುಕೊಂಡಿತು. ಕುಂಟುತ್ತ, ನಡೆಯುತ್ತ, ಅಡ್ಯಾರ್ ಸೇತುವೆಗೆ ಬಂದಾಗ ಇಪ್ಪತ್ತು ಮೈಲಿ ಮುಗಿದಿತ್ತು. ಸೇತುವೆಯ ತುದಿಯಲ್ಲಿ, ಬಿಸಿಲಿನಲ್ಲಿ, ತಲೆಗೆ ಪಂಚೆ ಹೊದ್ದು ಭಟ್ಟರು ನಿಂತಿದ್ದರು. ಒಂದು ಕೈಯಲ್ಲಿ ನನ್ನ ಲೋಟ, ಇನ್ನೊಂದರಲ್ಲಿ ತಮ್ಮ ಪಾರಣೆಯ ತುಳಸಿನೀರಿನ ಚೊಂಬು. ತುಟಿ ಒಡೆದು ರಕ್ತ ಕಾಣುತ್ತಿತ್ತು. ಗಂಟೆಯೆಷ್ಟೆಂದು ಕೇಳಿದೆ. ಒಂಬತ್ತೂ ಇಪ್ಪತ್ತು. ಉಳಿದ ಆರು ಮೈಲಿಗೆ ನನಗೆ ಒಂದೂವರೆ ಗಂಟೆಯಾದರೂ ಬೇಕಿತ್ತು; ದ್ವಾದಶಿ ಉಳಿದಿದ್ದುದು ನಲವತ್ತು ನಿಮಿಷ.

ಕಾಲು ನೋಯುತ್ತಿತ್ತು, ನಿಜ. ಆದರೆ ಅದು ನನ್ನನ್ನು ಒಯ್ಯುತ್ತಿತ್ತು, ಅದೂ ನಿಜ. ನಾನು ರಸ್ತೆಯ ಅಂಚಿನಲ್ಲಿ ಕೂತು ಶೂ ಬಿಚ್ಚಿದೆ.

"ಎಂತ ಮಾಣಿ, ನೋವಾ?"

"ಹೌದು ಭಟ್ರೇ. ಇನ್ನು ಆಗುದಿಲ್ಲ."

ನೋವು ಬಂದಲ್ಲಿ ನಿಲ್ಲಬೇಕೆಂಬುದು ಅವರದೇ ನಿಯಮ. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂಗೈಗೆ ತುಳಸಿನೀರು ಬಿಟ್ಟುಕೊಂಡು, ಕಣ್ಣು ಮುಚ್ಚಿ ಕುಡಿದರು. ಅವರ ಗಂಟಲು ಕದಲಿದ್ದನ್ನು ಕಂಡ ಮೇಲೆಯೇ ನಾನು ನನ್ನ ಲೋಟವನ್ನು ಎತ್ತಿದ್ದು.

ಮಾವ ಎಂದಿನ ಮಾತನ್ನು ಎಂದಿನ ಜಾಗದಲ್ಲಿ ನಿಂತು ಹೇಳಿದರು. ಭಟ್ಟರು ಒಳಗಿನಿಂದಲೇ, "ಮಾಣಿ ನಿಲ್ಲಬೇಕಾದಲ್ಲಿ ನಿಂತಿದ್ದಾನೆ" ಎಂದರು. ನನ್ನ ಸುಳ್ಳು ಅವರಿಗೆ ತಿಳಿದಿತ್ತೇ? ಕೇಳೋಣವೆಂದು ಎಷ್ಟೋ ಸಲ ಅಡುಗೆಮನೆಯ ಬಾಗಿಲ ತನಕ ಹೋಗಿ, ಕಾಫಿ ಕುಡಿದು ಮರಳಿದೆ. ಬೇಸಿಗೆಯಲ್ಲಿ ಕಾಲಿನ ಬಾವು ಹೆಚ್ಚಾಗಿ ಅವರು ಊರಿಗೆ ಹೋದರು. ಹೋಗುವಾಗ, "ಬರುವ ವರ್ಷ ಪಂಚಾಂಗ ನೋಡಿ ಹೆಸರು ಕೊಡು" ಎಂದಿದ್ದರು. ಮಳೆಗಾಲದಲ್ಲಿ ಅವರ ಮಗನಿಂದ ಒಂದು ಕಾರ್ಡು ಬಂತು. ಸಾವಿನ ಸುದ್ದಿಯೆಂದು ಓದುವ ಮೊದಲೇ ತಿಳಿಯುವಂತೆ ಮೂಲೆಗೆ ಮಸಿ ಹಚ್ಚಿದ್ದ ಕಾರ್ಡು.

ಮರುವರ್ಷ ಪಂಚಾಂಗ ನೋಡಿಯೇ ಹೆಸರು ಕೊಟ್ಟೆ. ಅವರ ಒಂದೊಂದು ನಿಯಮವನ್ನೂ ಪಾಲಿಸಿ ಇಪ್ಪತ್ತಾರು ಮೈಲಿಯನ್ನೂ ಓಡಿದೆ. ಕೊನೆಯಿಂದ ಮೂರನೆಯವನಾದರೂ ಕೊನೆ ಮುಟ್ಟಿದೆ. ಅಡ್ಯಾರ್ ಸೇತುವೆಯ ತುದಿಯಲ್ಲಿ ಕಾಲು ತಾನಾಗಿ ನಿಧಾನವಾಯಿತು. ಯಾರೂ ಇಲ್ಲವೆಂದು ಗೊತ್ತಿದ್ದೂ ನೋಡಿದೆ. ಗುರಿಯ ಬಳಿ ಯಾರೋ ನೀರು ಕೊಟ್ಟರು. ಲೋಟ ಹಿಡಿದುಕೊಂಡು, ಬಾಯಿ ಒಣಗಿ, ಮೊದಲು ಕುಡಿಯಬೇಕಾದವರಿಗಾಗಿ ಕಾಯುತ್ತ ನಿಂತೆ. ಮುಗಿಸಿದ ಸುದ್ದಿಯನ್ನು ಹೇಳಬೇಕೆನಿಸಿದ್ದು ಮಾವನಿಗಲ್ಲ.

ನಿನ್ನೆ ಒಬ್ಬನೇ ಹೋಟೆಲಿಗೆ ಹೋಗಿದ್ದೆ. ಎದುರಿಗೆ ಯಾರೂ ಇರಲಿಲ್ಲ. ತಲೆ ನರೆತ ಸಪ್ಲೈಯರ್ ಒಬ್ಬರು ನೀರಿನ ಲೋಟ ಇಟ್ಟು, ಬೆವರು ಒರೆಸಿಕೊಳ್ಳುತ್ತ ನಿಂತರು. ನಾನು ಲೋಟ ನೋಡುತ್ತ ಕೂತದ್ದನ್ನು ಕಂಡು, "ಎಂತ ಸಾರ್, ತಣ್ಣೀರು ಬೇಡ್ವಾ?" ಎಂದರು.

"ನೀವು ಕುಡಿದ್ರಾ?" ಎಂದು ಕೇಳಿದೆ.

ಅವರು ತಬ್ಬಿಬ್ಬಾದರು. ಆಮೇಲೆ ಏನನ್ನಿಸಿತೋ, ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ ಬಂದರು.

"ಆಯ್ತು ಸಾರ್. ಇನ್ನು ನೀವು ಕುಡೀರಿ."

ಕುಡಿದೆ.