ಬಸವನಹುಳುವಿಗೆ ಹಾಸಿದ ಮಣ್ಣು

ಬಳ್ಳಾರಿಯಿಂದ ಕೊಳಗಲ್ಲಿಗೆ ಹೋಗುವ ರಸ್ತೆಯ ನರ್ಸರಿಯಲ್ಲಿ ಲಾಲಸಾಬ್ ನಲವತ್ತು ವರ್ಷ ಮಾಡಿದ್ದು ಒಂದೇ ಕೆಲಸ, ಮಣ್ಣು ಹದ ಮಾಡುವುದು. ಗಿಡ ನೆಡುವವರು ಬೇರೆ, ನೀರು ಬಿಡುವವರು ಬೇರೆ, ಗಿರಾಕಿಗಳ ಹತ್ತಿರ ನಗುನಗುತ್ತ ಮಾತಾಡುವವರು ಬೇರೆ. ಕುಂಡಕ್ಕೆ ಬೀಳುವ ಮಣ್ಣು ಮಾತ್ರ ಅವನ ಕೈ ದಾಟಿಯೇ ಹೋಗಬೇಕು. ಒಂದು ಹಿಡಿ ಎತ್ತಿ, ಹಿಚುಕಿ, ಬೆರಳು ಬಿಚ್ಚಿ ನೋಡಿದನೆಂದರೆ ಅದು ಯಾವ ಸೀಮೆಯದು, ಎಷ್ಟು ನೀರು ಹಿಡಿದೀತು, ಯಾವ ಬೇರಿಗೆ ಒಗ್ಗೀತು ಎಂದು ಹೇಳಿಬಿಡುತ್ತಿದ್ದ. ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಎಲ್ಲ ಕಲಸಿದ ಮೇಲೆ ಕೊನೆಗೊಂದು ಹಿಡಿ ಬೇವಿನ ಹಿಂಡಿ ಬೀಳುತ್ತಿತ್ತು. ಹೆಂಗಸರು ಸಾರಿಗೆ ಉಪ್ಪು ಹಾಕಿದ ಹಾಗೆ ಅದು. ಲೆಕ್ಕವಿಲ್ಲ, ಅಳತೆಯಿಲ್ಲ, ಕೈಗೇ ಗೊತ್ತು. ನರ್ಸರಿಯ ಮಾಲೀಕ ವೀರೇಶ್ ತಂದೆಯ ಕಾಲದಿಂದ ಅವನನ್ನು ನೋಡಿದವನು. ಹೊಸ ಗಿರಾಕಿಗಳಿಗೆ, ನಮ್ಮ ಚಾಚಾನ ಕೈಯಾಗ ಕಲ್ಲು ಕೊಟ್ರೂ ಚಿಗೀತೈತಿ ಎಂದು ಹೇಳಿ ನಗಿಸುತ್ತಿದ್ದ. ಲಾಲಸಾಬ್ ನಗುತ್ತಿರಲಿಲ್ಲ. ಅದು ತಮಾಷೆಯ ಮಾತೆಂದು ಅವನಿಗೆ ಅನ್ನಿಸಿರಲೇ ಇಲ್ಲ.

ಅವನಿಗೊಂದು ಹಗೆ ಇತ್ತು, ಬಸವನಹುಳು. ಮಳೆ ಬಿದ್ದ ಮರುದಿನ ಕುಂಡಗಳ ಅಡಿಯಿಂದ ಎದ್ದು ಬಂದು ಎಳೆ ಚಿಗುರನ್ನೆಲ್ಲ ಸವರಿ ಹೋಗುವ ಈ ಹುಳುವಿನ ಮೇಲೆ ಅವನು ಉಪ್ಪು ಸುರಿಯುತ್ತಿದ್ದ. ನೊರೆ ಕಾರಿ ಸತ್ತದ್ದನ್ನು ಬುಟ್ಟಿಗಟ್ಟಲೆ ಎತ್ತಿ ಬೇಲಿಯಾಚೆ ಚೆಲ್ಲಿದ್ದ. ಅಂಥವನ ಮನೆಗೆ ನಾಲ್ಕು ಬಸವನಹುಳುಗಳನ್ನು ಊಟದ ಡಬ್ಬಿಯಲ್ಲಿಟ್ಟು ತಂದವಳು ಅವನ ಒಬ್ಬಳೇ ಮಗಳು ಹುಮೇರಾ.

ಹುಮೇರಾಗೆ ಇಪ್ಪತ್ತಾರು ವರ್ಷ. ಸಿರುಗುಪ್ಪದ ಒಂದು ಕಾಲೇಜಿನ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಪಾರ್ವತಿನಗರದ ಮನೆಗೆ ಬರುತ್ತಿದ್ದಳು. ಹೋದ ಮುಂಗಾರಿನಲ್ಲಿ ಕಾಲೇಜಿನ ಹೂದೋಟಕ್ಕೆ ಹುಳು ಬಿದ್ದು, ಮಾಲಿ ಉಪ್ಪಿನ ಚೀಲ ಬಿಚ್ಚುವಷ್ಟರಲ್ಲಿ ಕೈಗೆ ಸಿಕ್ಕ ನಾಲ್ಕನ್ನು ಇವಳು ಎತ್ತಿಕೊಂಡಳಂತೆ. ಅಟ್ಟದ ಮೇಲಿದ್ದ ಹಳೆಯ ಮೀನಿನ ತೊಟ್ಟಿಯನ್ನು ಇಳಿಸಿ ಒರೆಸಿದಳು. ಆಮೇಲೆ ಪಡಸಾಲೆಯಲ್ಲಿ ಪೇಪರು ಹಾಸಿ, ಅದರ ಮೇಲೆ ಮೂರು ಗುಡ್ಡೆ ಮಣ್ಣಿಟ್ಟು ಅಪ್ಪನನ್ನು ಕರೆದಳು. ಒಂದು ಗುಡ್ಡೆ ಸಿರುಗುಪ್ಪದ ಎರೆಮಣ್ಣು, ಒಂದು ಹೊಳೆಯ ಮರಳು, ಒಂದು ಮನೆಯ ಹಿಂದಿನ ಗರಸು.

“ಅಬ್ಬಾ, ಇವು ಮಣ್ಣಾಗ ಹೂತ್ಕೊಂಡು ಮಲಗ್ತಾವ. ತತ್ತಿನೂ ಮಣ್ಣಾಗೇ ಇಡ್ತಾವ. ಯಾವ ಮಣ್ಣು ಹಾಕ್ಲಿ, ನೀನೇ ಆರಿಸಿ ಕೊಡು.”

“ಉಪ್ಪು ಹಾಕಿ ಕೊಲ್ಲೋ ಹುಳಕ್ಕ ಹಾಸಿಗಿ ಹಾಸಿಕೊಡು ಅಂತೀಯಲ್ಲ ಬೇಟಿ. ನನ್ನ ಕೈಗೆ ಅಷ್ಟು ಬರ ಬಂದಿಲ್ಲ.”

“ಹಂಗಾರ ನಾನೇ ಮಾಡ್ಕೋತೀನಿ. ಆಮ್ಯಾಲೆ ಮೂಗು ತೂರ್ಸಾಕ ಬರಬ್ಯಾಡ ಮತ್ತ.”

ಅವಳು ಎರೆಮಣ್ಣನ್ನೇ ಹಾಸಿದಳು. ಸಿರುಗುಪ್ಪದ ಎರೆಯೆಂದರೆ ಬಂಗಾರ ಎಂದು ಅಪ್ಪನ ಬಾಯಲ್ಲಿ ಹುಟ್ಟಿದಾಗಿನಿಂದ ಕೇಳಿದವಳು, ಇನ್ನೇನು ಮಾಡಿಯಾಳು. ಭತ್ತಕ್ಕೆ ಬಂಗಾರ ಹೌದು, ಗಾಜಿನ ತೊಟ್ಟಿಗಲ್ಲ. ನೆನೆದರೆ ಅಂಟಿನ ಹಾಗೆ ಹಿಡಿಯುತ್ತದೆ, ಒಣಗಿದರೆ ಹೆಂಚಿನ ಹಾಗೆ ಬಿರಿಯುತ್ತದೆ. ಮೆತ್ತನೆಯ ಒಂದು ಕಾಲಿನ ಜೀವ ಅದರೊಳಗೆ ಇಳಿಯುವುದಾದರೂ ಹೇಗೆ? ಲಾಲಸಾಬನಿಗೆ ಇದು ಮೊದಲ ದಿನವೇ ಗೊತ್ತಿತ್ತು. ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ತೊಟ್ಟಿಯ ಕಡೆ ಓರೆಗಣ್ಣು ಹಾಯಿಸುತ್ತಿದ್ದ, ಸುಮ್ಮನೆ ಹೋಗುತ್ತಿದ್ದ. ಇನ್ನೊಂದು ಸಲ ಕೇಳಲಿ, ಹೇಳಿದರಾಯಿತು ಎಂದುಕೊಂಡಿದ್ದ. ಅವಳು ಕೇಳಲಿಲ್ಲ. ಹಟದಲ್ಲಿ ಅವಳು ಅವನ ಮಗಳೇ.

ಹೀಗೆ ಎರಡು ತಿಂಗಳು ಹೋಯಿತು. ಸೆಪ್ಟೆಂಬರ್ ಕೊನೆಯಲ್ಲಿ ಹುಮೇರಾಗೆ ಡೆಂಗಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಅವಳಿಗೆ ಸ್ವಲ್ಪ ಚೇತರಿಕೆ ಕಂಡಿತು. ತೊಟ್ಟಿಯ ಮಣ್ಣಿಗೆ ನೀರು ಚಿಮುಕಿಸಿದೆಯಾ ಎಂದು ಅಪ್ಪನನ್ನು ಕೇಳಿದಳು. ಅವನು ಹೂಂ ಎಂದ. ತೊಟ್ಟಿಯ ಹತ್ತಿರವೂ ಹೋಗಿರಲಿಲ್ಲ. ಆರನೆಯ ದಿನ ಅವಳು ಹೋದಳು.

ಗೋರಿಯ ಬಾಯಲ್ಲಿ ನಿಂತು ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಬೇಕು, ಅದು ಕ್ರಮ. ಲಾಲಸಾಬ್ ಬಗ್ಗಿ ಮೊದಲ ಹಿಡಿ ಎತ್ತಿದ. ಎತ್ತಿದ ಕೈ ತನ್ನಷ್ಟಕ್ಕೆ ತಾನೇ ಅದನ್ನು ಹಿಚುಕಿ ನೋಡಿತು. ಒಣ ಗರಸು, ಹದವಿಲ್ಲ, ಇದರಲ್ಲಿ ಏನೂ ಬೇರು ಬಿಡುವುದಿಲ್ಲ ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಹೆತ್ತ ಮಗಳ ಮೇಲೆ ಹಾಕುವ ಮಣ್ಣಿಗೂ ಬೆಲೆ ಕಟ್ಟಿದೆನಲ್ಲ ಎಂದು ಅವನಿಗೆ ತನ್ನ ಕೈಯನ್ನು ಕಂಡರೇ ಹೇಸಿಗೆಯಾಯಿತು. ಉಳಿದ ಎರಡು ಹಿಡಿಯನ್ನು ಕಣ್ಣು ಮುಚ್ಚಿ ಹಾಕಿದ.

ಅಂದಿನಿಂದ ಆ ಕೈ ಮಣ್ಣಿನ ಮೇಲೆ ಮುಚ್ಚಲೊಲ್ಲದಾಯಿತು. ಹದಿನೈದು ದಿನ ಬಿಟ್ಟು ನರ್ಸರಿಗೆ ಹೋದ. ಗುಡ್ಡೆಯ ಮುಂದೆ ಕುಳಿತು ಕೈ ಇಟ್ಟರೆ ಬೆರಳು ಸೆಟೆದು ನಿಂತವು. ರೊಟ್ಟಿ ಮುರಿಯುತ್ತದೆ, ಬಸ್ಸಿನ ಕಂಬಿ ಹಿಡಿಯುತ್ತದೆ, ಮಣ್ಣು ಮಾತ್ರ ಹಿಡಿಯುವುದಿಲ್ಲ. ವೀರೇಶ್ ಚಹಾ ತರಿಸಿ ಕೊಟ್ಟ. ಮನೆಯಲ್ಲಿ ಇರ್ರಿ ಚಾಚಾ, ಯಾವಾಗ ಬರಬೇಕು ಅನಸ್ತೈತಿ ಅವಾಗ ಬರ್ರಿ ಎಂದು ಕಳಿಸಿದ.

ಹುಳುಗಳಿಗೆ ಸೌತೆಕಾಯಿ ಕೊಯ್ದು ಹಾಕುತ್ತಿದ್ದವಳು ಅವನ ಹೆಂಡತಿ ಫಕೀರಬಿ. ಮಗಳ ಕೋಣೆಯ ಬಾಗಿಲು ತೆಗೆಯಲಾರದವಳು ತೊಟ್ಟಿಯ ಮುಂದೆ ಮಾತ್ರ ದಿನವೂ ಕುಳಿತುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ತೊಟ್ಟಿಯಿಂದ ಕೊಳೆತ ವಾಸನೆ ಬಂತು. ಎರೆಯ ಅಡಿಯಲ್ಲಿ ನೀರು ನಿಂತು ಹಸಿರಾಗಿತ್ತು, ಮೇಲೆಲ್ಲ ಬಿರುಕು. ಹುಳುಗಳು ಮಣ್ಣು ಬಿಟ್ಟು ಗಾಜಿಗೆ ಅಂಟಿಕೊಂಡಿದ್ದವು. ಫಕೀರಬಿ ಗಂಡನ ಎದುರಿಗೆ ಬಂದು ನಿಂತಳು. ಅವಳ ದನಿ ಏರಲಿಲ್ಲ.

“ಊರ ಮಂದಿ ಗುಲಾಬಿಗೆಲ್ಲ ಮಣ್ಣು ಮಾಡಿ ಕೊಟ್ರಿ. ಹುಡುಗಿ ಕೇಳಿದ್ದು ಒಂದು ತೊಟ್ಟಿ ಮಣ್ಣು. ಇವೂ ಹೋಗ್ಲಿ ಅಂತ ಕುಂತೀರೇನು?”

ಲಾಲಸಾಬ್ ಆ ದಿನ ಉಣ್ಣಲಿಲ್ಲ. ಹುಳು ಸತ್ತರೆ ಮಗಳು ಕೇಳಿದ್ದಕ್ಕೆ ಇನ್ನೆಂದೂ ಉತ್ತರ ಕೊಡಲಾಗುವುದಿಲ್ಲ ಎಂಬುದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು.

ಹುಮೇರಾಳ ಜೊತೆಗೆ ಕೆಲಸ ಮಾಡುತ್ತಿದ್ದ ಗಂಗೋತ್ರಿ ಎಂಬ ಹುಡುಗಿಗೆ ಸಿರುಗುಪ್ಪಕ್ಕೆ ಫೋನು ಮಾಡಿದ. ಅವಳು ಮರುದಿನವೇ ಪ್ರಯೋಗಾಲಯದಲ್ಲಿದ್ದ ಹುಮೇರಾಳ ನೋಟುಬುಕ್ಕು ಹಿಡಿದು ಬಂದು ಓದಿ ಹೇಳಿದಳು. ಮಣ್ಣು ಒಂದು ಗೇಣು ದಪ್ಪ ಇರಬೇಕು. ಮರಳು ಬೇಡ, ಮೈ ಕೊಯ್ಯುತ್ತದೆ. ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಚಿಪ್ಪಿಗೆ ಮೊಟ್ಟೆಯ ಓಡಿನ ಪುಡಿ ಬೇಕು. ಗೊಬ್ಬರ, ಔಷಧಿ ಏನೂ ಸೋಕಿರಬಾರದು. ಚಿಪ್ಪಿನ ಬಾಗಿಲು ಮುಚ್ಚಿಕೊಂಡು ಮಣ್ಣೊಳಗೆ ತಿಂಗಳುಗಟ್ಟಲೆ ಮಲಗುವ ಹುಳುವನ್ನು ಕೆದಕಬಾರದು. ಕೊನೆಯ ಸಾಲನ್ನು ಓದಲೋ ಬೇಡವೋ ಎಂದು ಗಂಗೋತ್ರಿ ತಡೆದಳು, ಆಮೇಲೆ ಓದಿದಳು. ಎರೆಮಣ್ಣು ಸರಿಹೋಗಿಲ್ಲ, ಅಬ್ಬಾನ ಸಿಟ್ಟು ಇಳಿದ ಮೇಲೆ ಕೇಳಬೇಕು ಎಂದು ಬರೆದಿತ್ತು. ಲಾಲಸಾಬನಿಗೆ ಸಿಟ್ಟೇ ಇರಲಿಲ್ಲ. ಅದನ್ನು ಯಾರಿಗೆ ಹೇಳುವುದು?

ಯಾವ ಮಣ್ಣು ಎಂಬುದನ್ನು ಅವನು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಪೇಟೆಯ ಮಣ್ಣಿಗೆ ಹೊಗೆ, ಧೂಳು, ಜೀನ್ಸ್ ಕಾರ್ಖಾನೆಗಳು ತೊಳೆದು ಬಿಟ್ಟ ಬಣ್ಣದ ನೀರು. ಗದ್ದೆಯ ಮಣ್ಣಿಗೆ ಔಷಧಿ. ಅವನು ಹುಟ್ಟಿದ ಕುರುಗೋಡಿನಲ್ಲಿ ಕಲ್ಲುಗುಡ್ಡದ ಬುಡಕ್ಕೊಂದು ಆಲದ ಮರವಿದೆ. ಅದರ ಕೆಳಗೆ ಎಲೆ ಕೊಳೆತು ಕೊಳೆತು ಚಹಾಪುಡಿಯಂಥ ಮಣ್ಣಾಗಿದೆ, ಉತ್ತವರಿಲ್ಲ, ಬಿತ್ತಿದವರಿಲ್ಲ. ಬೆಳಗಿನ ಬಸ್ಸಿಗೆ ಹೋದ. ಕೈ ಮುಚ್ಚಲಿಲ್ಲ, ತೆಂಗಿನ ಚಿಪ್ಪಿನಿಂದ ಬಾಚಿ ಬಾಚಿ ಅರ್ಧ ಚೀಲ ತುಂಬಿದ. ಬರುವಾಗ ಚೀಲದಲ್ಲಿ ಏನು ಎಂದು ಕಂಡಕ್ಟರು ಕೇಳಿದ. ಮಣ್ಣು ಎಂದ.

“ಬಳ್ಳಾರಿಗೆ ಮಣ್ಣು ಒಯ್ತೀಯಲ್ಲ ಮುದುಕಪ್ಪ. ಅಲ್ಲಿ ಮಣ್ಣು ಮಾರೇ ಮಂದಿ ಅರಮನಿ ಕಟ್ಯಾರ.”

ಬಸ್ಸೆಲ್ಲ ನಕ್ಕಿತು. ಲಾಲಸಾಬ್ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದ.

ಮನೆಯ ಅಂಗಳದಲ್ಲಿ ಫಕೀರಬಿ ತನ್ನ ಬಿರಿಯಾನಿಯ ಡೇಗು ತಂದುಕೊಟ್ಟಳು. ನುಸಿ ಸಾಯಲೆಂದು ಆಲದ ಮಣ್ಣನ್ನು ಅದರಲ್ಲಿ ಹದವಾಗಿ ಹುರಿದು ಆರಲು ಬಿಟ್ಟರು. ಮೊಟ್ಟೆಯ ಓಡನ್ನು ಅವಳೇ ಕುಟ್ಟಿ ಸೋಸಿದಳು. ತೊಳೆದ ನಾರಿನ ಪುಡಿ ಎರಡು ಪಾಲು, ಆಲದ ಮಣ್ಣು ಒಂದು ಪಾಲು ಎಂದು ಲಾಲಸಾಬ್ ಬಾಂಡಲಿಗೆ ಸುರಿದ. ನೀರು ಚಿಮುಕಿಸಿದ. ಕರಣೆಯಿಂದ ಕಲಸಿ ನೋಡಿದ, ಹದ ತಿಳಿಯಲಿಲ್ಲ. ಕರಣೆಯನ್ನು ಬದಿಗಿಟ್ಟು ಕೈ ಹಾಕಿದ. ಬಿಸಿಯಾರದ ಮಣ್ಣು ಉಸಿರಾಡುವ ಹೊಟ್ಟೆಯ ಹಾಗೆ ಬೆಚ್ಚಗಿತ್ತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಹಿಂಡಿದ, ಎರಡು ಹನಿ ಬಿತ್ತು.

ಅವನ ಕಣ್ಣು ತುಂಬಿತು. ಫಕೀರಬಿ ಕಂಡೂ ಕಾಣದವಳ ಹಾಗೆ ಒಳಗೆ ಹೋದಳು. ಆಮೇಲೆ ಆ ಕೈಗೆ ಕಡಿವಾಣವೇ ಇರಲಿಲ್ಲ. ತಿಂಗಳುಗಟ್ಟಲೆ ಕಟ್ಟಿಹಾಕಿದ ದನ ಬಿಚ್ಚಿದಂತೆ ಎತ್ತಿತು, ತಿರುವಿತು, ಉದುರಿಸಿತು, ನಲವತ್ತು ವರ್ಷದ ತಾಳಕ್ಕೆ ಬಿದ್ದು ಕಲಸಿತು. ಸಂಜೆಗೆ ತೊಟ್ಟಿ ತೊಳೆದು, ಒಂದು ಗೇಣು ಮಣ್ಣು ಹಾಸಿ, ಮೇಲೆ ಒಣ ಎಲೆ ಹೊದಿಸಿ, ನಾಲ್ಕೂ ಹುಳುಗಳನ್ನು ಬಿಟ್ಟ. ಮಗಳ ಎರೆಮಣ್ಣನ್ನು ಚೆಲ್ಲಲು ಮನಸ್ಸು ಬಾರದೆ ಒಡಕು ಕುಂಡವೊಂದಕ್ಕೆ ತುಂಬಿಟ್ಟ.

ಮರುದಿನ ನಾಲ್ಕೂ ಮೇಲೆ ಹತ್ತಿ ಮುಚ್ಚಳಕ್ಕೆ ಅಂಟಿದ್ದವು. ಹೊಸ ಜಾಗ, ಹೊಂದಿಕೊಳ್ಳುತ್ತವೆ ಎಂದ. ಎರಡನೆಯ ದಿನ ಒಂದು ಉದುರಿ ಬಿದ್ದು ಮೈ ಹೊರಹಾಕಿ ನೊರೆ ಕಾರುತ್ತಿತ್ತು. ಆ ನೊರೆಯ ಪರಿಚಯ ಅವನಿಗೆ ಚೆನ್ನಾಗಿತ್ತು. ಉಪ್ಪು ಎಲ್ಲಿಂದ ಬಂತೆಂದು ನಾರಿನ ಪುಡಿಯನ್ನು ನೆಕ್ಕಿ ನೋಡಿದ, ಉಪ್ಪಿರಲಿಲ್ಲ. ಆಗ ಫಕೀರಬಿ ತೊಟ್ಟಿಯೊಳಗೆ ಬಗ್ಗಿ ಮೂಸಿದಳು.

“ಬೇವಿನ ವಾಸನಿ ಬರಾಕತ್ತೈತಿ.”

ಲಾಲಸಾಬ್ ಅಂಗಳದ ಮೂಲೆ ನೋಡಿದ. ಬಾಗಿಲ ಮುಂದಿನ ಗುಲಾಬಿಗೆಂದು ಇಟ್ಟ ಬೇವಿನ ಹಿಂಡಿಯ ಚೀಲ ಬಾಯಿ ತೆರೆದುಕೊಂಡು ಕುಳಿತಿತ್ತು. ಅದರಲ್ಲಿ ಕೈ ಹಾಕಿದ ನೆನಪು ಅವನಿಗಿಲ್ಲ. ಕೈಗಿತ್ತು. ಗೊಬ್ಬರ ಬೇಡ, ಔಷಧಿ ಬೇಡ ಎಂದಿದ್ದಳು ಗಂಗೋತ್ರಿ. ಹಿಂಡಿಯನ್ನು ಅವನು ಎಂದೂ ಗೊಬ್ಬರವೆಂದಾಗಲಿ ಔಷಧಿಯೆಂದಾಗಲಿ ಎಣಿಸಿದವನೇ ಅಲ್ಲ. ಅದು ಮಣ್ಣಿನ ಕೊನೆಯ ಹಿಡಿ, ಅಷ್ಟೇ. ಸಿಟ್ಟಿನಿಂದ ಉಪ್ಪು ಹಾಕಿದಾಗ ಸತ್ತದ್ದಕ್ಕೆ ಲೆಕ್ಕವಿಲ್ಲ. ಪ್ರೀತಿಯಿಂದ ಹಾಸಿದ ಹಾಸಿಗೆಯೂ ಅದೇ ಕೆಲಸ ಮಾಡಿತ್ತು.

ಬಟ್ಟಲಲ್ಲಿ ನೀರು ಹಿಡಿದು ಒಂದೊಂದನ್ನೇ ತೊಳೆದರು. ಮೂರು ಉಳಿಯಲಿಲ್ಲ. ಅವನ್ನು ಒಡಕು ಕುಂಡದ ಎರೆಮಣ್ಣಿನಲ್ಲಿ ಹೂತರು. ನಾಲ್ಕನೆಯದು ಚಿಪ್ಪಿನೊಳಗೆ ಆಳಕ್ಕೆ ಸರಿದುಕೊಂಡಿತ್ತು. ಬೆರಳು ಮುಟ್ಟಿಸಿದರೆ ಕೂದಲೆಳೆಯಷ್ಟು ಅಲುಗುತ್ತಿತ್ತು.

ಆಲದ ಮಣ್ಣು ಚೀಲದ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಫಕೀರಬಿ ಬಾಂಡಲಿಯನ್ನು ಗಂಡನ ಮುಂದೆ ಸರಿಸಿದಳು. ಅವನು ಹಿಂದಕ್ಕೆ ತಳ್ಳಿದ.

“ಈ ಕೈ ನಂಬಬ್ಯಾಡ. ನೀ ಕಲಸು, ನಾ ಹೇಳ್ತೀನಿ.”

“ನನಗೆಲ್ಲಿ ಬರ್ತೈತಿ?”

“ಬರಂಗಿಲ್ಲ ಅಂತಾನೇ ನೀ ಕಲಸು.”

ಅವಳು ಕಲಸಿದಳು. ಅವನು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ಕುಳಿತು, ಇನ್ನಷ್ಟು ನೀರು, ಸಾಕು, ಈಗ ಹಿಂಡು ಎಂದು ಮೆಲ್ಲಗೆ ಹೇಳುತ್ತ ಹೋದ. ಹಿಟ್ಟು ನಾದಿದ ಕೈ ಅದು, ಮಣ್ಣನ್ನೂ ಹಿಟ್ಟಿನ ಹಾಗೆಯೇ ಹಿಡಿಯಿತು. ಬೇವಿನ ಮಣ್ಣನ್ನೆಲ್ಲ ತೆಗೆದು ತೊಳೆದ ತೊಟ್ಟಿಯ ಒಂದು ಮೂಲೆಗೆ ಸಾಲುವಷ್ಟಾಯಿತು. ಉಳಿದ ಒಂದೇ ಹುಳುವನ್ನು ಅದರ ಮೇಲಿಟ್ಟರು. ಬಹಳ ಹೊತ್ತಿನ ಮೇಲೆ ಅದು ಕೊಂಬು ಹೊರಹಾಕಿತು, ಗಾಜಿನ ಕಡೆ ಹೋಗಲಿಲ್ಲ, ಇದ್ದಲ್ಲೇ ಮಣ್ಣನ್ನು ಸರಿಸಿಕೊಂಡು ಇಳಿಯತೊಡಗಿತು. ಸಂಜೆಯ ಮಗ್ರಿಬಿನ ಅಜಾನಿನ ಹೊತ್ತಿಗೆ ಚಿಪ್ಪಿನ ತುದಿಯೂ ಮಣ್ಣಿನೊಳಗೆ ಮರೆಯಾಯಿತು.

ಆಮೇಲೆ ಅದು ಮೇಲೆ ಬಂದಿಲ್ಲ. ಸೌತೆಕಾಯಿಯ ಬಿಲ್ಲೆ ಇಟ್ಟದ್ದು ಇಟ್ಟ ಹಾಗೇ ಒಣಗುತ್ತದೆ, ಫಕೀರಬಿ ಹೊಸದು ಇಡುತ್ತಾಳೆ. ಲಾಲಸಾಬ್ ಮತ್ತೆ ನರ್ಸರಿಗೆ ಹೋಗುತ್ತಾನೆ. ಸ್ಟೂಲಿನ ಮೇಲೆ ಕುಳಿತು ಬಾಯಲ್ಲಿ ಹದ ಹೇಳುತ್ತಾನೆ, ಬೇರೆಯವರು ಕಲಸುತ್ತಾರೆ. ಚಾಚಾನ ಕೈ ಎಂಬ ಮಾತನ್ನು ವೀರೇಶ್ ಈಗ ಗಿರಾಕಿಗಳ ಮುಂದೆ ಎತ್ತುವುದಿಲ್ಲ.

ತಿಂಗಳು ಕಳೆದ ಮೇಲೆ ಒಂದು ಸಂಜೆ ಫಕೀರಬಿಯೇ ಕೇಳಿದಳು.

“ಒಂಚೂರು ಕೆದರಿ ನೋಡೋಣೇನು? ಐತೋ ಇಲ್ಲೋ ಅಂತ ಆದ್ರೂ ಗೊತ್ತಾಗ್ತೈತಿ.”

“ಕೆದಕಬಾರದು ಅಂತ ಬರದಾಳ.”

ಇಷ್ಟು ಹೇಳಿ ಅವನು ನೀರಿನ ಬಾಟಲಿ ಎತ್ತಿಕೊಂಡ. ಮಣ್ಣಿನ ಮೇಲೆಲ್ಲ ಒಂದು ಸಲ, ಹುಳು ಇಳಿದ ಜಾಗಕ್ಕೆ ಎರಡು ಸಲ ಚಿಮುಕಿಸಿ ಮುಚ್ಚಳ ಮುಚ್ಚಿದ.