ನಾಲ್ಕು ಬೀದಿಗೆ ನೀರು ಬಿಡುವ ಭೀಮಕ್ಕ

ಬೆಳಗಿನ ಐದೂವರೆ. ಹುಳಿಯಾರು ಕಡೆಯ ಈ ಹಟ್ಟಿಯಲ್ಲಿ ತೆಂಗಿನ ಗರಿಗಳು ಇನ್ನೂ ಕಪ್ಪಾಗಿಯೇ ಕಾಣುವ ಹೊತ್ತು. ಭೀಮಕ್ಕ ರಸ್ತೆ ಬದಿಯ ಗುಂಡಿಯ ಚಪ್ಪಡಿ ಸರಿಸಿ, ಮಂಡಿಯೂರಿ, ಕೈಯನ್ನು ಮೊಣಕೈವರೆಗೂ ಕೆಸರಿಗಿಳಿಸಿ ವಾಲ್ವ್ ತಿರುಗಿಸುತ್ತಿದ್ದಾರೆ. ಬಿಗಿಯಾಗಿದೆ. ಬಲಭುಜ ಹಿಡಿದುಕೊಳ್ಳುತ್ತದೆ. ಒಮ್ಮೆ ಉಸಿರು ಬಿಟ್ಟು ಮತ್ತೆ ತಿರುಗಿಸುತ್ತಾರೆ. ಪೈಪಿನೊಳಗೆ ಗೊರಗೊರ ಸದ್ದು ಕೇಳಿದ ಮೇಲೆಯೇ ಏಳುವುದು.

"ಕೊನೇ ಬೀದಿಯೋರು ಯಾವಾಗ್ಲೂ ನಮ್ಗೇ ಕೊನೆಗಾ ಅಂತಾರೆ. ಮೊದ್ಲು ಬಿಟ್ಟೋರು ಬೇಗ ನಿಲ್ಲಿಸ್‌ಬುಟ್ಟೆ ಅಂತಾರೆ. ಬೈಯದೇ ಇರೋ ಬೀದಿ ಈ ಹಟ್ಟೀಲಿಲ್ಲ ಕಣಪ್ಪ" ಎನ್ನುತ್ತಾರೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ.

ನೂರಾ ಹತ್ತು ಮನೆ, ನಾಲ್ಕು ಬೀದಿ, ಬೀದಿಗೆ ನಲವತ್ತು ನಿಮಿಷ ನೀರು. ಭಾನುವಾರವೂ ರಜೆ ಇಲ್ಲ, ಹಬ್ಬಕ್ಕೂ ಇಲ್ಲ. ಐವತ್ನಾಲ್ಕರ ಭೀಮಕ್ಕ ಈ ಹಟ್ಟಿಯ ನೀರುಗಂಟಿ. ಆರು ವರ್ಷದ ಹಿಂದೆ ಗಂಡ ದುರ್ಗಯ್ಯ ತೀರಿಕೊಂಡಾಗ ಅವರ ಕೆಲಸವನ್ನು ಪಂಚಾಯಿತಿ ಇವರಿಗೆ ಕೊಟ್ಟಿತು. ಅಣ್ಣನ ಜೊತೆ ಹತ್ತು ವರ್ಷ ಪೈಪು ಹೊತ್ತಿದ್ದ ಮೈದುನ ಕಾಟಪ್ಪ ಆ ಕೆಲಸ ತನ್ನದೆಂದು ನಂಬಿದ್ದ. ಅಂದಿನಿಂದ ಅತ್ತಿಗೆಯೊಡನೆ ಮಾತಿಲ್ಲ. ನೀರು ಬಾರದಿದ್ದರೆ ಹೇಳಲು ಮಗಳು ಧನುಶ್ರೀಯನ್ನೇ ಕಳಿಸುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಅದೇ ಧನುಶ್ರೀಯ ಮದುವೆ. ಚಪ್ಪರದ ದಿನ ಬೆಳಿಗ್ಗೆ ಕೊಳವೆಬಾವಿಯ ಮೋಟರು ಸುಟ್ಟುಹೋಯಿತು. "ಬೇಕಂತಲೇ ಸುಟ್ಟವ್ಳೆ" ಎಂದು ಕಾಟಪ್ಪ ಚಪ್ಪರದಡಿ ನಿಂತು ಕೂಗಾಡಿದ. ಕರೆಯದ ಮದುವೆ ಅದು. ಆದರೂ ಭೀಮಕ್ಕ ಎರಡು ಮೈಲಿ ನಡೆದು ಸ್ವಂತ ಕೊಳವೆಬಾವಿಯಿರುವ ತೋಟದ ಗಂಗಾಧರಯ್ಯನವರ ಮುಂದೆ ನೀರು ಕೇಳಿ ನಿಂತರು.

"ತೆಂಗಿಗೇ ಸಾಲ್ತಿಲ್ಲ ಕಣಮ್ಮ" ಎಂದರು ಅವರು.

"ಮರ ಒಂದಿನ ತಡೀತವೆ ಸ್ವಾಮಿ. ಮದುವೆ ತಡಿಯಲ್ಲ."

ಹತ್ತು ಗಂಟೆಗೆ ಅವರ ತೋಟದಿಂದ ಟ್ಯಾಂಕರು ಬಂತು. ಮೊದಲ ನೀರು ಚಪ್ಪರದ ಮನೆಗೆ. ಉಳಿದ ಬೀದಿಗಳು ಸುಮ್ಮನಿರಲಿಲ್ಲ: "ಮೈದುನನ ಮನೆ ಅಂತ ಮೊದ್ಲು ಬಿಟ್ಲು!" ಅಂದು ಭೀಮಕ್ಕನಿಗೆ ಬೈಗುಳ ಎರಡೂ ಕಡೆಯಿಂದ. ಸಂಜೆ ಕಾಟಪ್ಪನ ಹೆಂಡತಿ ನಿರ್ಮಲಾ ಹಿತ್ತಿಲಿನಿಂದ ಬಂದು, "ಅಕ್ಕ, ಕುಡಿ" ಎಂದು ಪಾಯಸದ ಲೋಟ ಇಟ್ಟು ಹೋದಳು. "ಕುಡಿಯೋಕೆ ಆಗ್ಲಿಲ್ಲ" ಎನ್ನುತ್ತಾರೆ ಭೀಮಕ್ಕ. "ಅಳು ಬಂತು, ಅಂಗೇ ಮಲಗ್‌ಬುಟ್ಟೆ."

ನಾಲ್ಕನೆಯ ದಿನ ಮೋಟರು ಎತ್ತುವಾಗ ಆಳು ಸಾಲಲಿಲ್ಲ. ಯಾರೂ ಕರೆಯದೆ ಕಾಟಪ್ಪ ಬಂದು ಹಗ್ಗ ಹಿಡಿದ. ಕೆಲಸ ಮುಗಿಯುವವರೆಗೂ ಇದ್ದ, ಒಂದು ಮಾತೂ ಆಡದೆ ಹೋದ.

ಧನುಶ್ರೀ ಈಗ ಗಂಡನ ಮನೆಯಲ್ಲಿದ್ದಾಳೆ. ಸುದ್ದಿ ಮುಟ್ಟಿಸುವವರಿಲ್ಲದೆ ಕಾಟಪ್ಪನೇ ಹೇಳಬೇಕು. "ಬಾಗ್ಲಲ್ಲಿ ನಿಂತ್ಕಂಡು, ಮರ ನೋಡ್ಕಂಡು, 'ನೀರು ಬರ್ಲಿಲ್ಲ' ಅಂತಾನೆ. ಮರಕ್ಕೇ ಹೇಳ್ಲಿ ಬುಡು, ನಂಗೆ ಕೇಳ್ತದೆ" ಎಂದು ಭೀಮಕ್ಕ ನಗುತ್ತಾರೆ.

ನಾಲ್ಕನೇ ಬೀದಿಗೆ ನೀರು ಬಿಟ್ಟು ಮುಗಿಸಿದಾಗ ಎಂಟು ದಾಟಿದೆ. ಚಪ್ಪಡಿಯ ಮೇಲೆ ಕೂತು ಭುಜ ಒತ್ತಿಕೊಳ್ಳುತ್ತಾರೆ. ಏನು ಆಸೆ ಎಂದು ಕೇಳಿದರೆ, ಕಾಟಪ್ಪನ ಮನೆಯತ್ತ ನೋಡಿ ಹೇಳುತ್ತಾರೆ:

"ಅವ್ನು ಒಂದಿನ ಬಂದು, 'ಅತ್ತಿಗೆ, ಇವತ್ತು ನಾನು ಬಿಡ್ತೀನಿ' ಅನ್ಲಿ. ಅವತ್ತು ಬಿಸ್ಲೇರೋಗಂಟ ಮಲಗ್ತೀನಿ ಕಣಪ್ಪ."