ಕಂಬ, ಕೆಮ್ಮು ಮತ್ತು ನಾನು

ನನಗೆ ಮಾತು ಕಲಿಸಿದ್ದು ಒಂದು ಕೆಮ್ಮು ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಅವರ ಮನೆಗಳಲ್ಲಿ ಕಂಬವೇ ಇಲ್ಲ, ಅವರಿಗೇನು ಗೊತ್ತು ಅದರ ದರ್ಬಾರು.

ನಿಜಾಮರ ಕಾಲದ ಮಸ್ಕಿಯಲ್ಲಿ ನಮ್ಮ ಪಡಸಾಲೆಯ ನಡುವೆ ಬೇವಿನ ಕಂಬವೊಂದಿತ್ತು. ಹೆಂಗಸರು ಮನೆಯ ಹಿರಿಯರೊಡನೆ ನೇರವಾಗಿ ಮಾತಾಡುವ ಹಾಗಿರಲಿಲ್ಲ. ಏನಿದ್ದರೂ ಕಂಬಕ್ಕೆ ಹೇಳಬೇಕು. "ರೊಟ್ಟಿ ಆಗ್ಯಾವ, ಉಣ್ಣಾಕ ಏಳಬೇಕಂತ," ಎಂದು ಅವ್ವ ಕಂಬಕ್ಕೆ ತಿಳಿಸುವಳು. ಅಲ್ಲೇ ಪಕ್ಕದಲ್ಲಿ ಕೂತ ಮುತ್ಯಾ, ಅಂದರೆ ನನ್ನ ಅಜ್ಜ, ಏನೂ ಕೇಳಿಸದವನಂತೆ ಕಂಬಕ್ಕೇ ಉತ್ತರ ಕೊಡುವನು: "ಬರತೀನಂತ ಹೇಳು." ಒಮ್ಮೆ ಅವನ ಧೋತರದ ಮೇಲೆ ಚೇಳು ಹತ್ತಿದಾಗಲೂ ಅವ್ವ ಸುದ್ದಿಯನ್ನು ಕಂಬಕ್ಕೇ ಒಪ್ಪಿಸಿದಳು. ಆ ದಿನ ಮಾತ್ರ ಮುತ್ಯಾ ಕಂಬದ ಹಂಗಿಲ್ಲದೆ ಎದ್ದು ಕುಣಿದ.

ಪುರಾಣದ ಕಂಬದಿಂದ ನರಸಿಂಹ ಹೊರಬಂದನಂತೆ. ನಮ್ಮ ಕಂಬದಿಂದ ಗೆದ್ದಲು ಬಿಟ್ಟರೆ ಏನೂ ಬಂದದ್ದಿಲ್ಲ. ಮಾತಿಗೆ ಅಧಿದೇವತೆಯೇ ಹೆಣ್ಣು ಎಂದು ಪುರಾಣ ಹೇಳುವ ಅಯ್ಯನವರು ತಲೆದೂಗುತ್ತ ವಿವರಿಸುವಾಗ, ಹೆಣ್ಣುಮಕ್ಕಳೆಲ್ಲ ಬಾಗಿಲ ಹಿಂದೆ ತುಟಿ ಹೊಲಿದುಕೊಂಡು ಕೂತು ಕೇಳುತ್ತಿದ್ದೆವು.

ಹೀಗಿರುವಾಗ ಒಂದು ದಿನ ನಮ್ಮೂರಿನ ಹಂಪವ್ವ ಮಾತಾಡಿದ್ದನ್ನು ಕಂಡೆವು. ಗಂಡ ತೀರಿದ ಮೇಲೆ ಆಕೆಯ ಹೊಲವನ್ನು ಮೈದುನ ತನ್ನದೆನ್ನುತ್ತಿದ್ದ. ಜಮೀನು ತನಿಖೆಗೆ ಕಂದಾಯದ ಅಧಿಕಾರಿ ಗಿರ್ದಾವರ ಸಾಹೇಬರು ಬಂದು ಚಾವಡಿಯಲ್ಲಿ ಕೂತ ದಿನ, ಹಂಪವ್ವ ನೆಟ್ಟಗೆ ಅವರೆದುರಿಗೆ ಹೋಗಿ ನಿಂತಳು. ಎರಡು ಸಲ ಗಟ್ಟಿಯಾಗಿ ಕೆಮ್ಮಿದಳು. ಆಮೇಲೆ, "ಬಿತ್ತಾಕಿ ನಾನು, ಕೊಯ್ಯಾಕಿ ನಾನು. ನಡುವ ನನ್ನ ಮೈದುನನ ಹೆಸರು ಯಾಕ ಬರತೈತ್ರಿ ಸಾಹೇಬ್ರ?" ಎಂದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಹೊಲ ಹಂಪವ್ವನಿಗೇ ಉಳಿಯಿತು.

ಹುಣಸೆಮರದ ಮರೆಯಲ್ಲಿ ನಿಂತು ನೋಡಿದ ನಾವು ಹುಡುಗಿಯರು ಮರುದಿನದಿಂದಲೇ ಆಕೆಯ ಶಿಷ್ಯೆಯರಾದೆವು. ನಮಗೆ ಹೊಲವಿರಲಿಲ್ಲ, ಮೈದುನನಿರಲಿಲ್ಲ, ಗಿರ್ದಾವರರಂತೂ ನಮ್ಮ ಕಡೆ ತಿರುಗಿಯೂ ನೋಡುವವರಲ್ಲ. ಕೆಮ್ಮೊಂದೇ ಕೈಗೆ ಸಿಗುವಂತಿತ್ತು. ಬಾವಿಕಟ್ಟೆಯ ಮೇಲೆ ಅದನ್ನೇ ಮನಸ್ಸಿಟ್ಟು ಕಲಿತೆವು. ಕೆಮ್ಮಿನ ನಂತರ ಏನು ಹೇಳಬೇಕೆಂದು ಯಾರೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ನನಗೆ ಸಿಂಧನೂರಿನ ವರ ಬಂದ. ಕಿರಾಣಿ ಅಂಗಡಿಯವನು, ಮೊದಲ ಹೆಂಡತಿ ತೀರಿದ್ದಳು. ನಮ್ಮಪ್ಪ ಬದುಕಿದ್ದರೆ ಅವನದೇ ವಯಸ್ಸಿನವನಾಗಿರುತ್ತಿದ್ದ. ಅಪ್ಪ ಇಲ್ಲದ ಮನೆಯಲ್ಲಿ ಮುತ್ಯಾನದೇ ಕೊನೆಯ ಮಾತು, ಮುತ್ಯಾ ಒಪ್ಪಿದ್ದ. ನನಗೆ ಅಳು ಬರುತ್ತಿತ್ತು. ಮುತ್ಯಾನಿಗೆ ಕೇಳಿಸುವಂತೆ ಬೇಡ, ಬೇಡ ಎಂದು ಕಂಬಕ್ಕೆ ದಿನಾ ಹೇಳಿದೆ. ಕಂಬ ಯಾರಿಗೂ ಮುಟ್ಟಿಸಲಿಲ್ಲ.

ಹೆಣ್ಣು ನೋಡಲು ಬಂದ ದಿನ ಕಂಬದ ಪಕ್ಕ ನಿಂತು ಹಂಪವ್ವನನ್ನು ನೆನೆದು ಕೆಮ್ಮಿದೆ. ಮಾತು ಬರಲಿಲ್ಲ. ಮತ್ತೆ ಕೆಮ್ಮಿದೆ. ಆಗಲೂ ಬರಲಿಲ್ಲ. ಬಿಡದೆ ಕೆಮ್ಮುತ್ತಲೇ ಹೋದೆ. ವರನ ಅಕ್ಕ ತಿನ್ನುತ್ತಿದ್ದ ಮಂಡಕ್ಕಿಯ ತಟ್ಟೆ ಕೆಳಗಿಟ್ಟಳು.

"ಹುಡುಗಿಗೆ ಈ ಕೆಮ್ಮು ಎಷ್ಟು ದಿನದ್ದು?" ಎಂದು ಅವ್ವನನ್ನು ಕೇಳಿದವಳೇ, ತಮ್ಮನ ಕಿವಿಯಲ್ಲಿ "ಕ್ಷಯ" ಎಂದಳು. ವರ ಆಗಲೇ ಚಪ್ಪಲಿ ಹುಡುಕುತ್ತಿದ್ದ.

ನೋಡಿ, ಸುಮ್ಮನಿದ್ದಿದ್ದರೆ ನಾನು ಪಾರಾಗಿದ್ದೆ. ಆದರೆ ಅವ್ವನ ಮುಖ ಸುಣ್ಣದಂತಾಗಿತ್ತು. ಸಂಜೆಯೊಳಗೆ ರೋಗದ ಸುದ್ದಿ ಲಿಂಗಸುಗೂರು ಮುಟ್ಟುತ್ತಿತ್ತು. ನಾಳೆ ನನಗೆ ಇವನಿಗಿಂತ ಮುದುಕ ವರ ಸಿಗುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ನನ್ನ 'ಬೇಡ'ವನ್ನು ಇವರು ಬೇನೆ ಎಂದುಕೊಂಡು ಹೋಗುತ್ತಿದ್ದುದಕ್ಕೆ ನನಗೆ ಸಿಟ್ಟು ಬಂತು. ಕಂಬ ಬಿಟ್ಟು ಮುಂದೆ ಬಂದೆ.

"ನನಗ ಯಾ ಬ್ಯಾನಿನೂ ಇಲ್ರಿ. ಗಟ್ಟಿಮುಟ್ಟಾಗಿ ಅದೀನಿ. ಈ ಸಂಬಂಧ ನಾ ಒಲ್ಲೆ."

ಮುತ್ಯಾ ರೂಢಿಯಂತೆ ಕಂಬದ ಕಡೆ ತಿರುಗಿದ. "ಸುಮ್ಮನಿರಂತ ಹೇಳು ಅಕಿಗೆ."

ಆಗ ಅವ್ವ ಸೆರಗು ಸರಿ ಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಅವನ ಮುಖ ನೋಡಿ ಹೇಳಿದಳು: "ಕಂಬಕ್ಕ ಯಾಕ ಹೇಳತೀರಿ ಮಾವಾರ? ಅಕಿ ಇಲ್ಲೇ ನಿಂತಾಳ."

ಕಂಬಕ್ಕಲ್ಲದೆ ತನಗೇ ಹೇಳಿದಾಗ ಸೊಸೆಯ ದನಿ ಇಷ್ಟು ಮೆತ್ತಗಿರುತ್ತದೆ ಎಂದು ಮುತ್ಯಾನಿಗೆ ಅಂದೇ ಗೊತ್ತಾಗಿರಬೇಕು. ಎದ್ದು ಹೊರಗೆ ಹೋದ. ಸಿಂಧನೂರಿನವರೂ ಹೋದರು.

ಎಷ್ಟೋ ದಿನಗಳ ಮೇಲೆ ಹಂಪವ್ವನಿಗೆ ಇದನ್ನೆಲ್ಲ ಹೇಳಿ, ನಿನ್ನ ಕೆಮ್ಮಿನಿಂದಲೇ ಧೈರ್ಯ ಬಂತು ಎಂದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹುಚ್ಚಿ, ಅದೇನು ಧೈರ್ಯದ ಕೆಮ್ಮಲ್ಲ. ಅಂಜಿಕಿಗೆ ಗಂಟಲು ಕಟ್ಟಿತ್ತು ನನಗ. ಮಾತು ಬರೂ ತನಕ ಕೆಮ್ಮಿದೆ, ಅಷ್ಟ."

ಈಗಲೂ ನಾಲ್ಕು ಜನರೆದುರು ಏನಾದರೂ ಹೇಳಬೇಕಾದರೆ ಮೊದಲು ಕೆಮ್ಮುತ್ತೇನೆ. ಯಾರಾದರೂ ಓಡಿಹೋಗಿ ನೀರು ತರುತ್ತಾರೆ. ಕುಡಿದು, ಆಮೇಲೆ ಹೇಳಬೇಕಾದದ್ದನ್ನು ಹೇಳುತ್ತೇನೆ.